ಕಡಲ ನಡುವೆ ಗಾಳಿಯಂತ್ರ ನಿಂತರೆ ಮೀನು ವಾಪಸ್ ಬರುತ್ತದಾ?

ಶರಾವತಿ_ದಡ

ಎಲ್ಲರಿಗೂ ನಮಸ್ಕಾರ. ಊರು ಹೊನ್ನಾವರ, ಸದ್ಯ ಇರುವುದು ಚೆನ್ನೈಯಲ್ಲಿ. ಗಾಳಿ ವಿದ್ಯುತ್ ಕಂಪನಿಯೊಂದರಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಇಷ್ಟು ದಿನ ಮುಪ್ಪಂದಲ್ ಕಡೆಯ ಗಾಳಿಯಂತ್ರಗಳ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಹೋದ ತಿಂಗಳಿಂದ ಸಮುದ್ರದ ಯೋಜನೆಯ ತಂಡಕ್ಕೆ ಹಾಕಿದ್ದಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕೇಂದ್ರ ಸರ್ಕಾರ 2015ರಲ್ಲೇ ಕಡಲ ಗಾಳಿಗೆ ಒಂದು ನೀತಿ ಮಾಡಿತು. 2024ರ ಜೂನ್‌ನಲ್ಲಿ 7,453 ಕೋಟಿ ರೂಪಾಯಿ ನೆರವಿಗೆ ಒಪ್ಪಿಗೆ ಕೊಟ್ಟಿತು. ಗುಜರಾತ್ ಕಡಲಲ್ಲಿ 500 ಮೆಗಾವ್ಯಾಟ್, ತಮಿಳುನಾಡು ಕಡಲಲ್ಲಿ 500. ಕರ್ನಾಟಕ ಇದರಲ್ಲಿ ಇಲ್ಲ. ಇನ್ನೂ ಎಲ್ಲೂ ಒಂದು ಕಂಬವೂ ನಿಂತಿಲ್ಲ.

ನನ್ನ ಪ್ರಶ್ನೆ ದುಡ್ಡಿನದ್ದಲ್ಲ. ಮೊನ್ನೆ ಮೀಟಿಂಗ್‌ನಲ್ಲಿ ಒಂದು ಚಿತ್ರ ತೋರಿಸಿದರು. ಯುರೋಪಿನ ಕಡಲಲ್ಲಿ ನಿಂತ ಕಂಬ, ಬುಡದ ತುಂಬ ಚಿಪ್ಪು, ಸುತ್ತ ಮೀನಿನ ಹಿಂಡು. ಕೆಳಗೆ "ಜೀವವೈವಿಧ್ಯಕ್ಕೂ ಲಾಭ" ಎಂದು ಬರೆದಿತ್ತು. ಅಷ್ಟೇ. ಮುಂದಿನ ಸ್ಲೈಡ್ ಕೇಬಲ್ ಖರ್ಚಿನದು. ರಾತ್ರಿ ಅಪ್ಪನಿಗೆ ಫೋನ್ ಮಾಡಿದಾಗ ಈ ಚಿತ್ರದ ಬಗ್ಗೆ ಹೇಳಿದೆ. ಅಪ್ಪ ಮೂವತ್ತು ವರ್ಷ ನಾಡದೋಣಿಯಲ್ಲಿ ಹೋದವರು. ಪೂರ್ತಿ ಕೇಳಿಸಿಕೊಂಡು, "ಮೀನು ಬಂದರೆ ಬರಲಿ ಮಗಾ, ಅಲ್ಲಿ ಬಲೆ ಬಿಡಲು ಬಿಡುತ್ತಾರಾ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಲ್ಲಿ ಕಡಲ ಕೆಲಸ ಬಲ್ಲವರು ಇದ್ದೀರಿ ಎಂದು ಕೇಳುತ್ತಿದ್ದೇನೆ. ಆ ಚಿತ್ರ ಎಷ್ಟು ನಿಜ? ಕಂಬ ನೆಟ್ಟರೆ ಕಡಲ ಜೀವ ನಿಜವಾಗಿ ವಾಪಸ್ ಬರುತ್ತದಾ, ಅಥವಾ ಒಂದು ಕಡೆ ಹಾಳು ಮಾಡಿ ಇನ್ನೊಂದು ಕಡೆ ತೋರಿಸುವುದಾ? ನನಗೆ ಈ ಕೆಲಸ ಇಷ್ಟ. ಕಲ್ಲಿದ್ದಲು ಸುಡುವುದು ನಿಲ್ಲಬೇಕು ಎಂದು ನಂಬಿಯೇ ಈ ಕ್ಷೇತ್ರಕ್ಕೆ ಬಂದವನು. ಆದರೆ ಅಪ್ಪನ ಮುಂದೆ ತಲೆ ತಗ್ಗಿಸುವ ಕೆಲಸ ಮಾಡಲಾರೆ.

ಉತ್ತರಸಮುದ್ರ

ಶರಾವತಿಯವರೇ, ನಿಮ್ಮ ಅಪ್ಪ ಕೇಳಿದ್ದೇ ಸರಿಯಾದ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ನೆದರ್ಲೆಂಡ್ಸ್‌ನಲ್ಲಿ ಇದ್ದೇನೆ, ಮೂಲ ಶಿರಸಿ. ಕಡಲ ತಳದ ಸಮೀಕ್ಷೆ ಮಾಡುವ ಹಡಗಿನಲ್ಲಿ ಎಂಟು ವರ್ಷದಿಂದ ಕೆಲಸ. ಗಾಳಿ ವಿದ್ಯುತ್ ಪ್ರದೇಶಗಳ ಒಳಗೆ ಹೋಗಿ ಕ್ಯಾಮೆರಾ ಇಳಿಸಿ, ಮಣ್ಣು ತೆಗೆದು, ಜಾಲರಿ ಪೆಟ್ಟಿಗೆ ಎತ್ತಿ ನೋಡುವುದು ನಮ್ಮ ಪಾಡು. ಆದ್ದರಿಂದ ಕಣ್ಣಾರೆ ಕಂಡಿದ್ದನ್ನು ಹೇಳುತ್ತೇನೆ.

ನಿಮಗೆ ತೋರಿಸಿದ ಚಿತ್ರ ಸುಳ್ಳಲ್ಲ. ಕಂಬದ ಪಕ್ಕ ಕ್ಯಾಮೆರಾ ಇಳಿಸಿದರೆ ಮಹಡಿ ಮಹಡಿಯಾಗಿ ಜೀವ ಕಾಣುತ್ತದೆ. ಅಲೆ ಬಡಿಯುವ ಮಟ್ಟದಲ್ಲಿ ಹಸಿರು ಪಾಚಿ. ಅದರ ಕೆಳಗೆ ಪಚ್ಚಿಲೆ ಚಿಪ್ಪು, ಒಂದರ ಮೇಲೊಂದು ಅಂಟಿಕೊಂಡು ಕಂಬವೇ ಕಾಣುವುದಿಲ್ಲ. ಇನ್ನೂ ಕೆಳಗೆ ಬಿಳಿ, ಕಿತ್ತಳೆ ಬಣ್ಣದ ಕಡಲ ಹೂಗಳು, ಹೂವಿನ ಹಾಗೆ ಕಾಣುವ ಪ್ರಾಣಿಗಳು. ಬುಡದಲ್ಲಿ ಕಲ್ಲು. ನೀರಿನ ಸೆಳೆತ ಬುಡದ ಮರಳನ್ನು ಕೊರೆಯಬಾರದು ಎಂದು ಕಂಬದ ಸುತ್ತ ಕಲ್ಲು ಸುರಿದಿರುತ್ತಾರೆ. ನಮ್ಮ ಕರಾವಳಿಯಲ್ಲಿ ಕಡಲ್ಕೊರೆತಕ್ಕೆ ಹಾಕುವ ತಡೆಗೋಡೆ ಕಲ್ಲು ನೆನಪಿಸಿಕೊಳ್ಳಿ, ಹಾಗೇ. ಆ ಸಂದುಗಳಲ್ಲಿ ಏಡಿ, ಕಾಡ್ ಮೀನು. ಬೋರ್ಸೆಲೆ ಎಂಬಲ್ಲಿ ಕಾಡ್ ಮೀನು ಅಡಗಿಕೊಳ್ಳಲಿ ಎಂದೇ ಸಿಮೆಂಟ್ ಪೈಪ್‌ಗಳನ್ನು ಇಳಿಸಿದ್ದಾರೆ.

ಆದರೆ ಇದರಲ್ಲಿ ಒಂದು ವಿಷಯ ಗಮನಿಸಿ. ಆ ಜೀವ ಎಲ್ಲ ಕಲ್ಲು, ಕಬ್ಬಿಣಕ್ಕೆ ಅಂಟುವ ಜೀವ. ಮೊದಲು ಅಲ್ಲಿ ಮರಳಿತ್ತು, ಮರಳಿನಲ್ಲಿ ಬದುಕುವ ಜೀವ ಇತ್ತು. ಒಂದು ಪ್ರದೇಶದಲ್ಲಿ ಕಂಬ ಮತ್ತು ಕಲ್ಲು ಮುಚ್ಚುವ ಜಾಗ ತೀರಾ ಚಿಕ್ಕದು. ಉಳಿದದ್ದೆಲ್ಲ ಕಂಬಗಳ ನಡುವಿನ ಮರಳು. ನನಗೆ ಕೇಳಿದರೆ ಕಡಲು ಚೇತರಿಸಿಕೊಳ್ಳುತ್ತದೋ ಇಲ್ಲವೋ ಎಂಬುದು ಆ ನಡುವಿನ ಮರಳಿನ ಮೇಲೆ ನಿಂತಿದೆ. ಅದನ್ನು ಯಾರೂ ಸ್ಲೈಡ್‌ನಲ್ಲಿ ತೋರಿಸುವುದಿಲ್ಲ, ಯಾಕೆಂದರೆ ಚಿತ್ರ ತೆಗೆದರೆ ಸುಮ್ನೆ ಬೂದು ಮರಳು ಕಾಣುತ್ತದೆ.

ಇಲ್ಲಿಯ ಕಥೆ ಕೇಳಿ. 1883ರಲ್ಲಿ ಅಚ್ಚಾದ ಒಂದು ಮೀನುಗಾರಿಕೆ ನಕ್ಷೆಯಲ್ಲಿ ಉತ್ತರ ಸಮುದ್ರದ ನಡುವೆ ದೊಡ್ಡದಾಗಿ ಚಪ್ಪಟೆ ಆಯ್ಸ್ಟರ್‌ನ ಹಾಸು ಗುರುತು ಮಾಡಿದ್ದಾರೆ. ಆಯ್ಸ್ಟರ್ ಎಂದರೆ ಎರಡು ಚಿಪ್ಪಿನ ಜೀವಿ, ನಮ್ಮ ಕಡೆ ಕಲ್ವ ಅನ್ನುತ್ತೇವಲ್ಲ, ಅದರ ಬಳಗ. ಸಾವಿರಾರು ಚದರ ಕಿಲೋಮೀಟರ್. ಎಳೆದು ಎಳೆದು ತೆಗೆದರು, ಆಮೇಲೆ ರೋಗ ಬಂತು, ತಳ ಕೆರೆಯುವ ಬಲೆ ಮತ್ತೆ ಬೆಳೆಯಲು ಬಿಡಲಿಲ್ಲ. ಡಚ್ಚರು ಆ ಜಾಗವನ್ನು ಇಂದಿಗೂ "ಆಯ್ಸ್ಟರ್ ನೆಲ" ಎಂದೇ ಕರೆಯುತ್ತಾರೆ. ಹೆಸರು ಉಳಿದಿದೆ, ಆಯ್ಸ್ಟರ್ ಇಲ್ಲ.

ಇಲ್ಲಿಯ ಗಾಳಿ ವಿದ್ಯುತ್ ಪ್ರದೇಶಗಳ ಒಳಗೆ ತಳ ಕೆರೆಯುವ ಟ್ರಾಲ್ ಬಲೆಗೆ ಅವಕಾಶ ಇಲ್ಲ. ಕೇಬಲ್ ಹರಿಯುತ್ತದೆ ಎಂಬುದು ಅದಕ್ಕೆ ಮೊದಲ ಕಾರಣ, ಪರಿಸರ ಅಲ್ಲ. ಆದರೆ ಆದ ಲಾಭ ಪರಿಸರಕ್ಕೆ. ನೂರು ವರ್ಷಕ್ಕೂ ಜಾಸ್ತಿ ಕಾಲ ವರ್ಷ ವರ್ಷವೂ ಉಳುತ್ತಿದ್ದ ನೆಲಕ್ಕೆ ಮೊದಲ ಸಲ ರಜೆ ಸಿಕ್ಕಿತು. ಆ ಧೈರ್ಯದ ಮೇಲೆಯೇ 2018ರಲ್ಲಿ ಲುಖ್ಟರ್‌ಡೌನನ್ ಎಂಬ ಪ್ರದೇಶದಲ್ಲಿ ಆಯ್ಸ್ಟರ್ ಬಿಟ್ಟರು. ಆಮೇಲೆ ಬೇರೆ ಕಡೆಯೂ ಬಿಟ್ಟಿದ್ದಾರೆ. ಹೀಗೆ ಆಯ್ಸ್ಟರ್ ಇಟ್ಟು ಇಳಿಸಿದ್ದ ಒಂದು ಜಾಲರಿ ಪೆಟ್ಟಿಗೆಯನ್ನು ಹೋದ ವರ್ಷ ನಾವು ಎತ್ತಿದೆವು. ಜಾಲರಿ ತುಂಬ ಕೆಸರು, ಪಾಚಿ, ಸಣ್ಣ ನಕ್ಷತ್ರ ಮೀನು. ನಾನು ಚಾಕುವಿನಿಂದ ಕೆರೆಯುತ್ತಾ ಒಂದು ಹಳೆಯ ಚಿಪ್ಪು ತಿರುಗಿಸಿದೆ. ಅದರ ಒಳಗೋಡೆಗೆ ಉದ್ದಿನ ಬೇಳೆಯಷ್ಟು ದೊಡ್ಡ ಮರಿ ಆಯ್ಸ್ಟರ್ ಅಂಟಿಕೊಂಡಿತ್ತು. ಆ ಮರಿ ಯಾವ ತಾಯಿಯದ್ದು ಎಂದು ಹೇಳಲು ಆಗುವುದಿಲ್ಲ. ಆದರೂ ಡೆಕ್ ಮೇಲೆ ನಾಲ್ಕು ಜನ ಮಾತಿಲ್ಲದೆ ಅದನ್ನೇ ನೋಡುತ್ತಾ ನಿಂತೆವು.

ಈಗ ಕೆಟ್ಟದ್ದು. ಕಂಬ ನೆಡುವಾಗಿನ ಸದ್ದು. ದೊಡ್ಡ ಸುತ್ತಿಗೆಯಿಂದ ಗಂಟೆಗಟ್ಟಲೆ ಸಾವಿರಾರು ಏಟು ಹೊಡೆಯುತ್ತಾರೆ. ಡಾಲ್ಫಿನ್‌ನ ಚಿಕ್ಕ ಬಂಧು ಪೋರ್ಪಾಯ್ಸ್ ಕಿವಿಯಿಂದಲೇ ಬದುಕುವ ಪ್ರಾಣಿ. ಡೆನ್ಮಾರ್ಕಿನ ಹಾರ್ನ್ಸ್ ರೆವ್‌ನಲ್ಲಿ ಏಟು ಬೀಳುವಾಗ ಸುಮಾರು 18 ಕಿಲೋಮೀಟರ್ ದೂರದವರೆಗೂ ಅವು ಜಾಗ ಬಿಟ್ಟು ಹೋದವು. ಜರ್ಮನಿಯಲ್ಲಿ ಇದಕ್ಕೆ ಲೆಕ್ಕದ ಮಿತಿ ಇದೆ: 750 ಮೀಟರ್ ದೂರದಲ್ಲಿ ಅಳೆದರೆ 160 ಡೆಸಿಬೆಲ್ ದಾಟಬಾರದು. ಅದಕ್ಕಾಗಿ ಕಂಬದ ಸುತ್ತ ತಳದಲ್ಲಿ ತೂತಿನ ಪೈಪ್ ಹಾಸಿ ಗಾಳಿ ಬಿಡುತ್ತಾರೆ. ಮೇಲಿಂದ ನೋಡಿದರೆ ಕಡಲ ಮೇಲೆ ಬಿಳಿ ನೊರೆಯ ದೊಡ್ಡ ಉಂಗುರ ಏಳುತ್ತದೆ. ಆ ಗುಳ್ಳೆಗಳ ಪರದೆ ಸದ್ದನ್ನು ತಡೆಯುತ್ತದೆ. ಕೆಲಸ ಮಾಡುತ್ತದೆ, ನಾನೇ ನೋಡಿದ್ದೇನೆ. ನಿಮ್ಮ ಮೀಟಿಂಗ್‌ನಲ್ಲಿ ಮೊದಲು ಕೇಳಬೇಕಾದ್ದು ಇದು: ಭಾರತದಲ್ಲಿ ಸದ್ದಿಗೆ ಮಿತಿ ಎಷ್ಟು ಇಡುತ್ತೀರಿ?

ಕಂಬ ನಿಂತ ಮೇಲೆ ಪೋರ್ಪಾಯ್ಸ್ ವಾಪಸ್ ಬರುತ್ತವಾ ಎಂದರೆ ಎರಡೂ ಆಗಿದೆ. ಇಲ್ಲಿಯ ಎಗ್ಮಂಡ್‌ನಲ್ಲಿ ಹೊರಗಿಗಿಂತ ಒಳಗೇ ಅವುಗಳ ಸದ್ದು ಜಾಸ್ತಿ ಕೇಳಿಸಿತು. ಡೆನ್ಮಾರ್ಕಿನ ನೂಸ್ಟೆಡ್‌ನಲ್ಲಿ ಹತ್ತು ವರ್ಷವಾದರೂ ಮೊದಲಿನಷ್ಟು ಬಂದಿರಲಿಲ್ಲ. ಒಂದೇ ಜಾತಿಯ ಪ್ರಾಣಿ, ಎರಡು ಜಾಗ, ಎರಡು ಉತ್ತರ.

ಮಲ್ಪೆ_ಬೋಟ್

ಉತ್ತರಸಮುದ್ರ ಸರ್ ಬರೆದದ್ದು ಓದಿ ಖುಷಿ ಆಯಿತು. ಆದರೆ ನಾನು ಸ್ವಲ್ಪ ತಕರಾರು ಎತ್ತುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮದು ಮಲ್ಪೆ. ಮನೆಯಲ್ಲಿ ಎರಡು ಬೋಟ್ ಇದೆ, ನಾನು ಹದಿನೈದು ವರ್ಷ ಕಡಲಿಗೆ ಹೋಗಿ ಈಗ ದಡದಲ್ಲಿ ಲೆಕ್ಕ ನೋಡುತ್ತೇನೆ. ಕಂಬದ ಹತ್ತಿರ ಮೀನು ಸೇರುವುದು ನಮಗೆ ಹೊಸ ಸುದ್ದಿ ಅಲ್ಲ. ಕಡಲಲ್ಲಿ ಏನು ಹಾಕಿದರೂ ಮೀನು ಸೇರುತ್ತದೆ. ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ಹಿಡಿಯಲು ಏನು ಮಾಡುತ್ತಿದ್ದರು ಗೊತ್ತಲ್ಲ? ತೆಂಗಿನ ಗರಿ, ಒಣಗಿದ ಹೊಂಬಾಳೆ ಕಟ್ಟು ಮಾಡಿ, ಮರಳಿನ ಚೀಲ ಕಟ್ಟಿ ಇಳಿಸುವುದು. ಜಾಗದ ಗುರುತು ಜಿಪಿಎಸ್‌ನಲ್ಲಿ. ಕೆಲವು ದಿನ ಬಿಟ್ಟು ಹೋದರೆ ಬೊಂಡಾಸ್ ಅದರ ಮೇಲೆ ಮೊಟ್ಟೆ ಇಡಲು ಬಂದಿರುತ್ತದೆ. ಮೊಟ್ಟೆ, ದ್ರಾಕ್ಷಿ ಗೊಂಚಲಿನ ಹಾಗೆ ಗರಿಗೆ ನೇತಾಡುತ್ತಿರುತ್ತದೆ. ಗಾಳ ಹಾಕಿ ತಾಯಿಯನ್ನೇ ಎತ್ತುತ್ತಿದ್ದರು. ಮೊದಲ ವರ್ಷಗಳಲ್ಲಿ ಭಾರೀ ಆದಾಯ. ಆಮೇಲೆ ಟ್ರಾಲ್‌ನವರಿಗೂ ಗಾಳದವರಿಗೂ ಜಗಳ ಆಯಿತು. ನಾನು ಹೇಳುವುದು ಇಷ್ಟೇ, ಗರಿ ಹಾಕಿದ್ದರಿಂದ ಕಡಲಲ್ಲಿ ಬೊಂಡಾಸ್ ಜಾಸ್ತಿ ಆಗಲಿಲ್ಲ. ಇದ್ದದ್ದೇ ಒಂದು ಕಡೆ ಬಂದು ಕೂತಿತು. ಹಿಡಿಯುವವರಿಗೆ ಸುಲಭ ಆಯಿತು. ಕಂಬವೂ ಹಾಗೇ ಅಲ್ವಾ?

ಎರಡನೆಯದು. ಟ್ರಾಲ್ ನಿಲ್ಲಿಸಿದರೆ ಕಡಲು ಚೇತರಿಸಿಕೊಳ್ಳುತ್ತದೆ ಎಂದಿರಿ. ಒಪ್ಪಿದೆ. ನಾವೂ ವರ್ಷಕ್ಕೆ 61 ದಿನ, ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ಕಟ್ಟುತ್ತೇವೆ. ಆಗಸ್ಟ್‌ನಲ್ಲಿ ಮೊದಲ ಬಲೆ ಎಳೆದಾಗ ಕಡಲಿಗೆ ವಿಶ್ರಾಂತಿ ಕೊಟ್ಟರೆ ಏನಾಗುತ್ತದೆ ಎಂದು ನಮ್ಮ ಕೈಗೇ ಗೊತ್ತಾಗುತ್ತದೆ. ಆದರೆ ಅದು ನಮ್ಮಂಥ ಯಂತ್ರದ ಬೋಟ್‌ಗಳಿಗೆಲ್ಲ ಒಂದೇ ನಿಯಮ, ಮತ್ತೆ ಕಡಲು ತೆರೆಯುತ್ತದೆ ಎಂಬ ನಂಬಿಕೆ ಇದೆ. ಇದು ಇಪ್ಪತ್ತೈದು ವರ್ಷಕ್ಕೆ ಬಾಗಿಲು ಹಾಕುವುದು. ಅಲ್ಲಿ ಎಳೆಯುತ್ತಿದ್ದ ಬೋಟ್‌ಗಳು ಮನೆಗೆ ಹೋಗಿ ಕೂರುವುದಿಲ್ಲ, ಬ್ಯಾಂಕ್ ಸಾಲ ಇದೆ, ಡೀಸೆಲ್ ಬಾಕಿ ಇದೆ. ಪಕ್ಕದ ಜಾಗಕ್ಕೆ ಹೋಗುತ್ತವೆ. ಅಲ್ಲಿ ಮೊದಲೇ ನಾಡದೋಣಿಯವರು ಇರುತ್ತಾರೆ. ಒಂದು ಚೌಕದ ಒಳಗೆ ಮರಳು ಸುಧಾರಿಸಿತು ಎಂದು ನೀವು ಫೋಟೋ ತೆಗೆಯುವಾಗ ಅದರ ಹೊರಗೆ ಎರಡು ಪಟ್ಟು ಕೆರೆಯುತ್ತಿರುತ್ತಾರೆ. ಆ ಲೆಕ್ಕ ಯಾರು ಇಡುತ್ತಾರೆ?

ಶರಾವತಿ ತಮ್ಮಾ, ನಿನ್ನ ಅಪ್ಪ ಕೇಳಿದ ಪ್ರಶ್ನೆಗೆ ಮೀಟಿಂಗ್‌ನಲ್ಲಿ ಉತ್ತರ ಸಿಗುವವರೆಗೆ ಆ ಮೀನಿನ ಚಿತ್ರ ತೋರಿಸಬೇಡ ಎಂದು ಹೇಳು.

ಉತ್ತರಸಮುದ್ರ

ಬೇಸರ ಯಾಕೆ ಸರ್, ನೀವು ಹೇಳಿದ್ದು ಸರಿ. ಮೀನು ಸೇರುವುದು ಬೇರೆ, ಮೀನು ಹೆಚ್ಚುವುದು ಬೇರೆ. ಇಲ್ಲಿಯ ವಿಜ್ಞಾನಿಗಳೂ ಇದನ್ನೇ ವಾದ ಮಾಡುತ್ತಾ ಇದ್ದಾರೆ. ಬೆಲ್ಜಿಯಂ ಕಡೆ ಕಂಬದ ಬುಡದಲ್ಲಿ ಹಿಡಿದ ಮೀನಿನ ಹೊಟ್ಟೆ ಬಿಡಿಸಿ ನೋಡಿದಾಗ ಆ ಕಂಬಕ್ಕೇ ಅಂಟಿದ ಜೀವಿಗಳನ್ನು ತಿಂದದ್ದು ಕಂಡಿತು, ಅಂದರೆ ಸುಮ್ನೆ ನೆರಳಿಗೆ ಬಂದು ನಿಂತದ್ದಲ್ಲ, ಊಟವೂ ಅಲ್ಲೇ. ಆದರೂ ಅದರಿಂದ ಇಡೀ ಸಮುದ್ರದಲ್ಲಿ ಕಾಡ್ ಹೆಚ್ಚಿತು ಎಂದು ಯಾರೂ ಎದೆ ತಟ್ಟಿ ಹೇಳಲಾರರು.

ಬೋಟ್ ಬೇರೆ ಜಾಗಕ್ಕೆ ಹೋಗುವ ವಿಷಯ ಇಲ್ಲಿಯೂ ದೊಡ್ಡ ಜಗಳ. ಡಚ್ ಮೀನುಗಾರರು ನನ್ನ ಹತ್ತಿರ ಬಂದರಿನಲ್ಲಿ ಹೇಳಿದ್ದಾರೆ, ಒಂದು ಕಡೆ ಗಾಳಿಯಂತ್ರ, ಇನ್ನೊಂದು ಕಡೆ ಸಂರಕ್ಷಿತ ಪ್ರದೇಶ, ಮತ್ತೊಂದು ಕಡೆ ಹಡಗಿನ ದಾರಿ, ನಾವು ಎಲ್ಲಿ ಹೋಗಲಿ ಎಂದು. ಅವರ ಮಾತಿನಲ್ಲಿ ನ್ಯಾಯ ಇದೆ. 2018ರಿಂದ ಕೆಲವು ಪ್ರದೇಶಗಳಲ್ಲಿ 24 ಮೀಟರ್‌ವರೆಗಿನ ಬೋಟ್‌ಗಳಿಗೆ ಹಾದುಹೋಗಲು ಬಿಟ್ಟಿದ್ದಾರೆ. ತಳಕ್ಕೆ ತಾಗದ ಗಾಳ, ಏಡಿ ಬುಟ್ಟಿ ಇಂಥವಕ್ಕೆ ಜಾಗ ಕೊಡಬಹುದಾ ಎಂದು ಪ್ರಯತ್ನ ನಡೆಯುತ್ತಿದೆ. ಟ್ರಾಲ್‌ನವರಿಗೆ ಅದರಿಂದ ಏನೂ ಸಿಗುವುದಿಲ್ಲ. ಆದರೆ ಶರಾವತಿಯವರ ಅಪ್ಪನಂಥವರಿಗೆ ಸಿಗಬಹುದು. ನಾಡದೋಣಿಗೆ ಒಳಗೆ ಹೋಗುವ ಹಕ್ಕು ಮೊದಲ ದಿನದಿಂದಲೇ ಕಾಗದದಲ್ಲಿ ಇರಬೇಕು. ಆಮೇಲೆ ನೋಡೋಣ ಎಂದರೆ ಆಗುವುದಿಲ್ಲ.

ತುಂಗೆಯ_ತೀರ

ನಾನು ಕಡಲಿನವನಲ್ಲ, ಶಿವಮೊಗ್ಗದವನು, ಒಂದು ಸಂದೇಹ. ಇಷ್ಟೆಲ್ಲ ಕಷ್ಟ ಯಾಕೆ? ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಇದೆ. ಅದನ್ನೇ ಇನ್ನೂ ಮಾಡಿದರೆ ಕಡಲಿಗೆ ಯಾಕೆ ಹೋಗಬೇಕು?

ಶರಾವತಿ_ದಡ

ಸರ್, ಸೂರ್ಯ ಮುಳುಗಿದ ಮೇಲೆ ಎಲ್ಲರ ಮನೆಯಲ್ಲಿ ದೀಪ, ಫ್ಯಾನ್, ಎಸಿ ಹಾಕುವ ಹೊತ್ತಿಗೆ ಪಾವಗಡ ಮಲಗಿರುತ್ತದೆ. ಕಡಲ ಗಾಳಿ ರಾತ್ರಿಯೂ ಬೀಸುತ್ತದೆ, ನೆಲದ ಗಾಳಿಗಿಂತ ಗಟ್ಟಿಯಾಗಿ, ಒಂದೇ ಸಮನೆ. ಮಳೆಗಾಲದ ಮೋಡದಲ್ಲಿ ಸೋಲಾರ್ ಸೊರಗುವಾಗ ಕನ್ಯಾಕುಮಾರಿ ಕಡೆ ಗಾಳಿ ಜೋರು. ನೆಲದ ಮೇಲೆ ಮಾಡಿದರೆ ತೊಂದರೆ ಇಲ್ಲ ಎಂದೂ ಅಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆ ಹೋಗಿದೆ, ರಾಜಸ್ಥಾನದಲ್ಲಿ ವಿದ್ಯುತ್ ತಂತಿಗೆ ಬಡಿದು ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಸಾಯುತ್ತಿದೆ. ಎಲ್ಲವೂ ಬೇಕಾಗುತ್ತದೆ, ಎಲ್ಲದಕ್ಕೂ ಬೆಲೆ ಇದೆ.

ಕೋಡಿಬಾಗ್_94

ತಡವಾಗಿ ನೋಡಿದೆ. ನಾನು ಕಾರವಾರದ ಕೋಡಿಬಾಗ್‌ನಲ್ಲಿ ಕಡಲ ಜೀವಶಾಸ್ತ್ರ ಓದಿದವಳು. ಆಮೇಲೆ ಹನ್ನೊಂದು ವರ್ಷ ರಾಮನಾಥಪುರದ ಕಡೆ, ಮನ್ನಾರ್ ಕೊಲ್ಲಿಯಲ್ಲಿ ಕೆಲಸ ಮಾಡಿದ್ದೇನೆ. ಮೇಲಿನವರು ಕಂಬದ ಬಗ್ಗೆ, ಬಲೆಯ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ಆದರೆ ಉತ್ತರ ಸಮುದ್ರದ ಪಾಠವನ್ನು ಹಾಗೇ ಎತ್ತಿಕೊಂಡು ಬಂದು ತಮಿಳುನಾಡಿನಲ್ಲಿ ಇಟ್ಟರೆ ಅನಾಹುತ ಆಗುತ್ತದೆ. ಅದನ್ನು ಹೇಳಲೇಬೇಕು.

ಉತ್ತರ ಸಮುದ್ರದಲ್ಲಿ ಕಂಬ ನಿಂತ ಜಾಗ ಮೊದಲೇ ಬೋಳಾಗಿತ್ತು. ಆಯ್ಸ್ಟರ್ ಹೋಗಿ ನೂರು ವರ್ಷ ಆಗಿತ್ತು. ಬೋಳು ನೆಲಕ್ಕೆ ಕಲ್ಲು ಹಾಕಿದರೂ ಲಾಭವೇ. ಮನ್ನಾರ್ ಕೊಲ್ಲಿಯಲ್ಲಿ ಇನ್ನೂ ಜೀವ ಇದೆ. ತೂತ್ತುಕುಡಿಯಿಂದ ರಾಮೇಶ್ವರದವರೆಗೆ ಸಾಲಾಗಿ 21 ದ್ವೀಪ, ಸುತ್ತ ಹವಳದ ದಿಬ್ಬ, ಕಡಲಹುಲ್ಲಿನ ಬಯಲು. 1986ರಲ್ಲಿ ಕಡಲ ರಾಷ್ಟ್ರೀಯ ಉದ್ಯಾನ ಮಾಡಿದರು, 1989ರಲ್ಲಿ 10,500 ಚದರ ಕಿಲೋಮೀಟರ್ ಜೀವಗೋಳ ಮೀಸಲು ಆಯಿತು. ಅಲ್ಲಿ ಕಡಲಹುಲ್ಲು ಮೇಯುವ ಕಡಲ ಹಸು (ಡುಗಾಂಗ್) ಇದೆ, ಅಲ್ಲಿಯ ಮೀನುಗಾರರು ಆವುಳಿಯಾ ಅನ್ನುತ್ತಾರೆ. ಪಕ್ಕದ ಪಾಕ್ ಕೊಲ್ಲಿಯಲ್ಲಿ 2022ರಲ್ಲಿ 448 ಚದರ ಕಿಲೋಮೀಟರ್ ಜಾಗವನ್ನು ಅದಕ್ಕೆಂದೇ ಮೀಸಲಿಟ್ಟರು.

ನಾನು ಆ ಹನ್ನೊಂದು ವರ್ಷದಲ್ಲಿ ಜೀವಂತ ಆವುಳಿಯಾವನ್ನು ಸರಿಯಾಗಿ ನೋಡಿದ್ದು ಎರಡೇ ಸಲ. ಆದರೆ ಅದು ಮೇಯ್ದ ಗುರುತು ಎಷ್ಟೋ ಸಲ ನೋಡಿದ್ದೇನೆ. ನೀರಿನೊಳಗೆ ಮುಖವಾಡ ಹಾಕಿಕೊಂಡು ಹುಲ್ಲಿನ ಮೇಲೆ ತೇಲುತ್ತಾ ಹೋದರೆ, ಒಂದು ಕಡೆ ಹುಲ್ಲು ಬುಡಸಮೇತ ಹೋಗಿ, ಗೇಣು ಅಗಲದ ಬಿಳಿ ಮರಳಿನ ದಾರಿ ಸುತ್ತಿ ಸುತ್ತಿ ಹೋಗಿರುತ್ತದೆ. ಗದ್ದೆ ಬದುವಿನಲ್ಲಿ ಹಸು ಹಗ್ಗದಷ್ಟು ದೂರ ಮೇಯ್ದ ಹಾಗೆ. ಕೆಲವು ತಿಂಗಳು ಬಿಟ್ಟು ಅದೇ ಜಾಗಕ್ಕೆ ಹೋದರೆ ಎಳೆ ಹುಲ್ಲು ಬಂದಿರುತ್ತದೆ. ಅಂಥ ಬಯಲಿನ ನಡುವೆ ದಡಕ್ಕೆ ಹೋಗುವ ಕೇಬಲ್‌ಗಾಗಿ ಕಾಲುವೆ ತೋಡಿದರೆ ಅದು ಬೇಗ ಮುಚ್ಚುವುದಿಲ್ಲ. ಎದ್ದ ಕೆಸರು ಸುತ್ತಲಿನ ಹುಲ್ಲಿನ ಮೇಲೆ, ಹವಳದ ಮೇಲೆ ಕೂರುತ್ತದೆ. ಬೆಳಕು ಇಲ್ಲದಿದ್ದರೆ ಎರಡೂ ಉಳಿಯುವುದಿಲ್ಲ. ಎಲ್ಲರೂ ಕಂಬ ಎಲ್ಲಿ ಎಂದು ಕೇಳುತ್ತಾರೆ. ಕೇಬಲ್ ದಡ ಹತ್ತುವುದು ಎಲ್ಲಿ ಎಂದು ಮೊದಲು ಕೇಳಿ.

ಇನ್ನೊಂದು, ಹೊರಗಿನ ಜೀವಿಗಳು. ಮಂಡಪಂ ಕಡೆ ಬೆಳೆಸಲು ತಂದ ಕಪ್ಪಾಫೈಕಸ್ ಎಂಬ ಕಡಲಕಳೆ ಕುರುಸಡೈ ದ್ವೀಪದ ಹವಳದ ಮೇಲೆ ಕಂಬಳಿ ಹೊದಿಸಿದ ಹಾಗೆ ಬೆಳೆದದ್ದನ್ನು ನಾವು ಕೈಯಿಂದ ಕಿತ್ತಿದ್ದೇವೆ. ಒಂದು ದಿನ ಕಿತ್ತು ದೋಣಿ ತುಂಬಿಸಿದರೂ ತುಂಡು ಉಳಿದ ಕಡೆ ಮತ್ತೆ ಬರುತ್ತಿತ್ತು. ಮರಳು ಕಡಲಿನಲ್ಲಿ ಹೊಸದಾಗಿ ನೂರಾರು ಗಟ್ಟಿ ಕಂಬ ನಿಲ್ಲಿಸುವುದು ಎಂದರೆ ಇಂಥ ಹೊರಗಿನವಕ್ಕೆ ಮೆಟ್ಟಿಲು ಕಟ್ಟಿಕೊಟ್ಟ ಹಾಗೆ. ಯಾವ ಹಡಗಿನ ತಳಕ್ಕೆ ಏನು ಅಂಟಿ ಬರುತ್ತದೋ ಗೊತ್ತಾಗುವುದಿಲ್ಲ. ಆದ್ದರಿಂದ ಕಂಬಕ್ಕೆ ಅಂಟಿದ್ದೆಲ್ಲ ಜೀವವೈವಿಧ್ಯ ಎಂದು ಎಣಿಸಬೇಡಿ. ಯಾವ ಜೀವ, ಎಲ್ಲಿಂದ ಬಂತು ಎಂದು ನೋಡಬೇಕು.

ಹಾಗಂತ ಬೇಡವೇ ಬೇಡ ಎನ್ನುವವಳು ನಾನಲ್ಲ. 2010ರಲ್ಲಿ, ಮತ್ತೆ 2016ರಲ್ಲಿ ಸಮುದ್ರ ಬಿಸಿಯಾಗಿ ಅಲ್ಲಿಯ ಹವಳ ಬಿಳಿಚಿಕೊಂಡಿತು. 2016ರ ಬೇಸಿಗೆಯಲ್ಲಿ ನೀರಿಗೆ ಇಳಿದರೆ ಸ್ನಾನದ ಮನೆಯ ಉಗುರುಬೆಚ್ಚಗಿನ ನೀರಿನ ಹಾಗೆ ಇತ್ತು. ವರ್ಷಗಳಿಂದ ಗುರುತು ಹಾಕಿ ಅಳೆಯುತ್ತಿದ್ದ ಒಂದು ಹವಳ, ಊಟದ ತಟ್ಟೆಯಷ್ಟು ಅಗಲದ್ದು, ಒಂದು ತಿಂಗಳಲ್ಲಿ ಬಿಳಿ, ಆಮೇಲೆ ಪಾಚಿ ಹಿಡಿದು ಹಸಿರು. ಅಲ್ಲಿ ಯಾರೂ ಬಲೆ ಎಳೆದಿರಲಿಲ್ಲ, ಯಾರೂ ಕಂಬ ನೆಟ್ಟಿರಲಿಲ್ಲ. ಬಿಸಿಯೇ ಕೊಂದಿತು. ಆದ್ದರಿಂದ ಕಲ್ಲಿದ್ದಲು ಬಿಡಬೇಕು, ಗಾಳಿ ಬೇಕು. ನಾನು ಕೇಳುವುದು ಜಾಗದ ಬಗ್ಗೆ ಮಾತ್ರ. ಹವಳ, ಹುಲ್ಲು, ದ್ವೀಪಗಳಿಂದ ದೂರ, ಆಳದ ಮರಳಿನ ಕಡೆ ಹೋಗಿ. ಖರ್ಚು ಜಾಸ್ತಿ ಆಗುತ್ತದೆ, ಗೊತ್ತು. ಆದರೆ ತಪ್ಪು ಜಾಗದಲ್ಲಿ ನೆಟ್ಟ ಮೇಲೆ ಗುಳ್ಳೆ ಪರದೆ, ಸಿಮೆಂಟ್ ಪೈಪ್, ಆಯ್ಸ್ಟರ್ ಪೆಟ್ಟಿಗೆ ಏನು ಇಟ್ಟರೂ ಹೋದದ್ದು ಬರುವುದಿಲ್ಲ.

ಮಲ್ಪೆ_ಬೋಟ್

ಮೇಡಂ, ನೀವು ಆಳಕ್ಕೆ ಹೋಗಿ ಎಂದಿರಿ. ಆಳದಲ್ಲಿ ಇರುವುದು ನಮ್ಮಂಥ ಬೋಟ್‌ನವರು. ದಡದ ಹತ್ತಿರ ಬಂದರೆ ನಾಡದೋಣಿಯವರಿಗೆ ಪೆಟ್ಟು, ಆಳಕ್ಕೆ ಹೋದರೆ ನಮಗೆ. ನಾನು ಇದನ್ನು ಜಗಳಕ್ಕೆ ಹೇಳುತ್ತಿಲ್ಲ. ಹವಳ ಉಳಿಯಬೇಕು, ಮರಿ ಮೀನು ಅಲ್ಲಿಂದಲೇ ಬರುತ್ತದೆ ಎಂದು ನಮಗೂ ಗೊತ್ತು, ನೇತ್ರಾಣಿ ದ್ವೀಪದ ಸುತ್ತ ನಾವೂ ನೋಡಿದ್ದೇವೆ. ಆದರೆ ಆಳದ ಮರಳು ಖಾಲಿ ಜಾಗ ಎಂದು ಯಾರೂ ತಿಳಿಯಬಾರದು. ನಕ್ಷೆಯಲ್ಲಿ ಅದು ಬಿಳಿಯಾಗಿ ಕಾಣುತ್ತದೆ. ನಮ್ಮ ಜಿಪಿಎಸ್ ತೆಗೆದು ನೋಡಿದರೆ ಪಾಯಿಂಟ್ ಮೇಲೆ ಪಾಯಿಂಟ್. ಯಾವ ತಿಂಗಳು ಎಲ್ಲಿ ಎಳೆಯಬೇಕು, ಎಲ್ಲಿ ಬಲೆ ಕಲ್ಲಿಗೆ ಸಿಕ್ಕಿ ಹರಿಯುತ್ತದೆ, ಎಲ್ಲ ಇದೆ. ಬಲೆ ಸಿಕ್ಕಿಕೊಳ್ಳುವ ಜಾಗ ಬಿಟ್ಟೇ ಎಳೆಯುತ್ತೇವೆ. ಅಂಥ ಜಾಗ ಹುಡುಕಿ ಕಂಬ ಹಾಕಿದರೆ ನಮಗೂ ನಷ್ಟ ಕಡಿಮೆ ಅಲ್ವಾ?

ಕೋಡಿಬಾಗ್_94

ಅಣ್ಣಾ, ಬಲೆ ಸಿಕ್ಕಿಕೊಳ್ಳುವ ಕಲ್ಲಿನ ಜಾಗವೇ ಜೀವ ಜಾಸ್ತಿ ಇರುವ ಜಾಗ. ನೀವು ಬಿಟ್ಟಿದ್ದೀರಿ ಎಂದೇ ಅದು ಉಳಿದಿದೆ. ಅಲ್ಲಿ ಬೇಡ. ಆದರೆ ನಿಮ್ಮ ಜಿಪಿಎಸ್ ಮಾತು ನಿಜಕ್ಕೂ ಮುಖ್ಯ. ಬೋಟ್‌ನವರು ಎಳೆದು ಎಳೆದು ಈಗ ಏನೂ ಸಿಗುತ್ತಿಲ್ಲ ಎಂದು ಬಿಟ್ಟ ಮರಳಿನ ಜಾಗಗಳು ಇರುತ್ತವೆ. ಅವು ಎಲ್ಲಿ ಎಂದು ಉಪಗ್ರಹ ಹೇಳುವುದಿಲ್ಲ, ಡ್ರೈವರ್ ಹೇಳುತ್ತಾನೆ. ಅಲ್ಲಿ ನೆಟ್ಟರೆ ಮೀನುಗಾರನಿಗೆ ನಷ್ಟ ಕಡಿಮೆ, ಕಡಲಿಗೆ ಲಾಭ ಜಾಸ್ತಿ. ಉತ್ತರಸಮುದ್ರದವರು ಹೇಳಿದ ಬೋಳು ನೆಲ ನಮ್ಮಲ್ಲಿ ಇದ್ದರೆ ಅದೇ. ಶರಾವತಿಯವರೇ, ಇದು ನಿಮ್ಮ ಕಂಪನಿಯ ಯಾವ ಕಾಗದದಲ್ಲೂ ಇರುವುದಿಲ್ಲ. ಹೋಗಿ ಕೇಳಿದರೆ ಮಾತ್ರ ಸಿಗುತ್ತದೆ.

ಉತ್ತರಸಮುದ್ರ

ಒಂದು ಮಾತು ಸೇರಿಸುತ್ತೇನೆ. ಕಂಪನಿಗಳು ತಾವಾಗಿ ಇದೆಲ್ಲ ಮಾಡುತ್ತವೆ ಎಂದು ಕಾಯಬೇಡಿ. ಟೆಂಡರ್‌ನಲ್ಲಿ ಬರೆದರೆ ಮಾಡುತ್ತವೆ. 2022ರಲ್ಲಿ ಇಲ್ಲಿಯ ಸರ್ಕಾರ ಹಾಲಂಡ್ಸೆ ಕುಸ್ಟ್ ವೆಸ್ಟ್ ಎಂಬಲ್ಲಿ 760 ಮೆಗಾವ್ಯಾಟ್‌ನ ಒಂದು ಜಾಗ ಕೊಡುವಾಗ ಕಡಲ ಪರಿಸರಕ್ಕೆ ಯಾರು ಏನು ಮಾಡುತ್ತೀರಿ ಎಂಬುದಕ್ಕೆ ಅಂಕ ಇಟ್ಟಿತು. ಗೆದ್ದವರು ಹಕ್ಕಿಗಳು ಹಾದುಹೋಗಲು ಕಂಬಗಳ ನಡುವೆ ದಾರಿ ಬಿಡುತ್ತೇವೆ ಎಂದು ಬರೆದುಕೊಟ್ಟರು. ಅಂಕ ಇಲ್ಲದಿದ್ದರೆ ಯಾರೂ ಬರೆಯುತ್ತಿರಲಿಲ್ಲ, ನಾನು ಈ ಕ್ಷೇತ್ರದಲ್ಲಿ ಇದ್ದು ಹೇಳುತ್ತಿದ್ದೇನೆ.

ಹಕ್ಕಿಯ ವಿಷಯ ಬಂದದ್ದಕ್ಕೆ ಹೇಳುತ್ತೇನೆ. 2023ರ ಮೇ ತಿಂಗಳ ಒಂದು ರಾತ್ರಿ ಬೋರ್ಸೆಲೆ ಮತ್ತು ಎಗ್ಮಂಡ್‌ನ ಯಂತ್ರಗಳನ್ನು ನಾಲ್ಕು ಗಂಟೆ ನಿಧಾನ ಮಾಡಿದರು, ವಲಸೆ ಹಕ್ಕಿಗಳ ದೊಡ್ಡ ಹಿಂಡು ಬರುತ್ತಿದೆ ಎಂದು. ಎರಡು ದಿನ ಮೊದಲೇ ಅಂದಾಜು ಮಾಡಿ ಹೇಳುತ್ತಾರೆ, ವಿದ್ಯುತ್ ಜಾಲದವರು ಅಷ್ಟರಲ್ಲಿ ಬೇರೆ ಕಡೆಯಿಂದ ವಿದ್ಯುತ್ ಹೊಂದಿಸಿಕೊಳ್ಳುತ್ತಾರೆ. ರೆಕ್ಕೆ ನಿಮಿಷಕ್ಕೆ ಎರಡು ಸುತ್ತಿಗಿಂತ ಜಾಸ್ತಿ ತಿರುಗಬಾರದು. ಧನುಷ್ಕೋಡಿಗೆ ರಾಜಹಂಸಗಳು ಬರುತ್ತವಲ್ಲ ಮೇಡಂ, ಅಲ್ಲಿಯೂ ಇದನ್ನು ಮಾಡಬಹುದು. ಆದರೆ ಹಕ್ಕಿ ಯಾವ ದಾರಿಯಲ್ಲಿ, ಎಷ್ಟು ಎತ್ತರದಲ್ಲಿ ಬರುತ್ತದೆ ಎಂದು ಮೊದಲು ಎರಡು ಮೂರು ವರ್ಷ ರಾಡಾರ್ ಇಟ್ಟು ನೋಡಿರಬೇಕು. ಯಂತ್ರ ನಿಂತ ಮೇಲೆ ಶುರು ಮಾಡಿದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಮೀನಿಗೂ ಅಷ್ಟೇ, ಮರಳಿಗೂ ಅಷ್ಟೇ.

ಮತ್ತೆ, ಕಂಬ ತೆಗೆಯುವ ದಿನದ ಬಗ್ಗೆಯೂ ಈಗಲೇ ಬರೆಸಿ. ಜಗತ್ತಿನ ಮೊದಲ ಕಡಲ ಗಾಳಿ ಪ್ರದೇಶ ಡೆನ್ಮಾರ್ಕಿನ ವಿಂಡೆಬಿ, 1991ರಲ್ಲಿ 11 ಯಂತ್ರ ನಿಂತಿತ್ತು, 2017ರಲ್ಲಿ ಬಿಚ್ಚಿದರು. ಇಪ್ಪತ್ತೈದು ವರ್ಷ ಬೆಳೆದ ಜೀವ ಕಂಬದ ಜೊತೆಗೇ ಹೋಗಬೇಕಾ, ಬುಡದ ಕಲ್ಲು ಬಿಡಬೇಕಾ, ಬಿಟ್ಟರೆ ಬಲೆ ಸಿಕ್ಕಿಕೊಂಡರೆ ಯಾರು ಹೊಣೆ. ಇಲ್ಲಿ ಈಗ ಈ ಚರ್ಚೆ ನಡೆಯುತ್ತಿದೆ. ನಿಮಗೆ ಮೊದಲೇ ಯೋಚಿಸುವ ಅವಕಾಶ ಇದೆ.

ಶರಾವತಿ_ದಡ

ಎರಡು ಸಲ ಪೂರ್ತಿ ಓದಿದೆ. ಅಪ್ಪನಿಗೂ ಫೋನ್‌ನಲ್ಲಿ ಓದಿ ಹೇಳಿದೆ. ಬೊಂಡಾಸ್ ಮಾತಿಗೆ ಅಪ್ಪ "ಹೌದು ಹೌದು" ಎಂದರು. ಆವುಳಿಯಾ ಮೇಯ್ದ ದಾರಿಯ ಭಾಗ ಇನ್ನೊಮ್ಮೆ ಓದಿಸಿಕೊಂಡರು.

ಮುಂದಿನ ಮೀಟಿಂಗ್‌ನಲ್ಲಿ ನಾನು ಬರೆದು ಕೊಡುವುದು ಇಷ್ಟು. ಸದ್ದಿಗೆ ಮಿತಿ ಎಷ್ಟು, ಕೇಬಲ್ ಎಲ್ಲಿ ದಡ ಹತ್ತುತ್ತದೆ, ಯಂತ್ರ ನಿಲ್ಲುವ ಮೊದಲು ಎಷ್ಟು ವರ್ಷ ಸಮೀಕ್ಷೆ, ನಾಡದೋಣಿಗೆ ಒಳಗೆ ಹೋಗುವ ಹಕ್ಕು ಇದೆಯಾ, ಜಾಗ ಬಿಡುವ ಬೋಟ್‌ನವರಿಗೆ ಏನು. ಆ ಮೀನಿನ ಚಿತ್ರ ಸದ್ಯಕ್ಕೆ ತೆಗೆಯಿರಿ ಎಂದೂ ಕೇಳುತ್ತೇನೆ. ಒಪ್ಪುತ್ತಾರೋ ಇಲ್ಲವೋ, ನನ್ನ ಹೆಸರಿನಲ್ಲಿ ದಾಖಲೆ ಇರುತ್ತದೆ.

ಅದಕ್ಕೂ ಮೊದಲು ಒಮ್ಮೆ ತೂತ್ತುಕುಡಿಗೆ ಹೋಗಿ ಮೀನುಗಾರರ ಹತ್ತಿರ ಕೂತು ಮಾತಾಡಬೇಕು ಅನ್ನಿಸುತ್ತಿದೆ. ಕಂಪನಿಯ ಗಾಡಿಯಲ್ಲಿ ಅಲ್ಲ, ನಾನೇ ರಜೆ ಹಾಕಿ. ನನ್ನ ತಮಿಳು ಪರವಾಗಿಲ್ಲ. ಆದರೆ ಅಲ್ಲಿ ಯಾರೂ ಪರಿಚಯ ಇಲ್ಲ.

ಮಲ್ಪೆ_ಬೋಟ್

ಪರಿಚಯ ನಾನು ಮಾಡಿಸುತ್ತೇನೆ. ನಮ್ಮ ಬೋಟ್‌ನಲ್ಲಿ ಏಳು ವರ್ಷ ಗಾಳದ ಕೆಲಸ ಮಾಡಿದ ಒಬ್ಬರು ಈಗ ಆ ಕಡೆಯೇ ಇದ್ದಾರೆ, ಸ್ವಂತ ದೋಣಿ ಮಾಡಿಕೊಂಡಿದ್ದಾರೆ. ಕನ್ನಡ, ತುಳು ಎರಡೂ ಬರುತ್ತದೆ. ಅವರನ್ನು ಕೇಳಿಯೇ ನಂಬರ್ ಕೊಡುತ್ತೇನೆ, ನನಗೆ ಪ್ರತ್ಯೇಕ ಮೆಸೇಜ್ ಮಾಡು.

ಈಗಲೇ ಹೋಗಬೇಡ, ಸೀಸನ್ ಇದೆ, ಯಾರಿಗೂ ಪುರುಸೊತ್ತು ಇರುವುದಿಲ್ಲ. ಆ ಕಡೆ ರಜೆ ನಮಗಿಂತ ಮೊದಲು, ಏಪ್ರಿಲ್ 15ರಿಂದ ಜೂನ್ 14ರವರೆಗೆ. ಆಗ ಬೋಟ್ ಎಲ್ಲ ಕಟ್ಟಿರುತ್ತಾರೆ, ನೆರಳಿನಲ್ಲಿ ಕೂತು ಬಲೆ ಸರಿ ಮಾಡುತ್ತಿರುತ್ತಾರೆ. ಬೆಳಗ್ಗೆ ಬೇಗ ಹೋಗು. ಲ್ಯಾಪ್‌ಟಾಪ್ ಚೀಲ ರೂಮಿನಲ್ಲೇ ಬಿಡು. ಬಲೆ ಹೊಲಿಯಲು ಬರುತ್ತದಲ್ಲ ನಿನಗೆ? ಬಾರದಿದ್ದರೆ ಹೋಗುವ ಮೊದಲು ಅಪ್ಪನ ಹತ್ತಿರ ಕಲಿತುಕೋ, ಕೈಯಲ್ಲಿ ಕೆಲಸ ಇದ್ದರೆ ಮಾತು ತಾನಾಗಿ ಬರುತ್ತದೆ.